ಒಳಗೆ ಹೋಗೋದು ಫ್ರೀ, ಕಾರು ನಿಲ್ಲಿಸಿದರೆ ದುಡ್ಡು: ಸ್ಮೋಕೀಸ್ ಪಾರ್ಕಿನ ಲೆಕ್ಕಾಚಾರ

ಅಮೆರಿಕದಲ್ಲಿ ಅತಿ ಹೆಚ್ಚು ಜನ ಹೋಗುವ ರಾಷ್ಟ್ರೀಯ ಉದ್ಯಾನ ಯಾವುದು? ಯೆಲ್ಲೋಸ್ಟೋನ್ ಅನ್ನುವವರೇ ಜಾಸ್ತಿ. ಕೆಲವರು ಗ್ರ್ಯಾಂಡ್ ಕ್ಯಾನಿಯನ್ ಅನ್ನುತ್ತಾರೆ. ಎರಡೂ ಅಲ್ಲ. ಟೆನೆಸಿ ಮತ್ತು ನಾರ್ತ್ ಕ್ಯಾರೊಲಿನಾ ರಾಜ್ಯಗಳ ಗಡಿಯಲ್ಲಿ ಬೆಟ್ಟದ ಸಾಲಿನ ಮೇಲೆ ಹರಡಿಕೊಂಡಿರುವ ಗ್ರೇಟ್ ಸ್ಮೋಕಿ ಮೌಂಟನ್ಸ್. ಅಟ್ಲಾಂಟಾ, ಷಾರ್ಲೆಟ್, ನ್ಯಾಶ್‌ವಿಲ್ ಕಡೆ ಇರುವ ಕನ್ನಡದವರಿಗೆ ಇದು ಚೆನ್ನಾಗಿ ಗೊತ್ತು. ಅಕ್ಟೋಬರ್‌ನಲ್ಲಿ ಎಲೆಗಳ ಬಣ್ಣ ತಿರುಗಿತು ಅಂದರೆ ವಾರಾಂತ್ಯಕ್ಕೆ ಕಾರು ಆ ಕಡೆಗೇ ಹೊರಡುತ್ತದೆ.

2021ರಲ್ಲಿ ಈ ಪಾರ್ಕಿಗೆ ಲೆಕ್ಕವಾದ ಭೇಟಿಗಳು 1.41 ಕೋಟಿ. ಅದೊಂದು ದಾಖಲೆ. ಅದೇ ವರ್ಷ ಯೆಲ್ಲೋಸ್ಟೋನ್‌ನಲ್ಲಿ ಆದದ್ದು 50 ಲಕ್ಷಕ್ಕಿಂತ ಕಡಿಮೆ. ಯೆಲ್ಲೋಸ್ಟೋನ್ ಗೇಟಿನಲ್ಲಿ ಒಂದು ಕಾರಿಗೆ 35 ಡಾಲರ್ ಕೊಡಬೇಕು. ಸ್ಮೋಕೀಸ್‌ನಲ್ಲಿ ದುಡ್ಡು ಕೇಳುವ ಗೇಟೇ ಇಲ್ಲ.

ಕೇಳಲು ಚೆನ್ನಾಗಿದೆ, ಅಲ್ವಾ? ಪಾರ್ಕ್ ನಡೆಸುವವರ ಕಡೆಯಿಂದ ನೋಡಿ. ದಿನದ ಖರ್ಚಿಗೆ ವಾಷಿಂಗ್ಟನ್, ಅಂದರೆ ಕೇಂದ್ರ ಸರ್ಕಾರ, ಕೊಡುತ್ತಿದ್ದದ್ದು ವರ್ಷಕ್ಕೆ ಸುಮಾರು 2 ಕೋಟಿ ಡಾಲರ್. 1.41 ಕೋಟಿ ಭೇಟಿಗೆ ಹಂಚಿದರೆ ತಲೆಗೆ ಒಂದೂವರೆ ಡಾಲರ್ ಕೂಡ ಬರುವುದಿಲ್ಲ. ಅಷ್ಟರಲ್ಲೇ ಶೌಚಾಲಯ ತೊಳೆಯಬೇಕು, ಕರಡಿ ಕೈ ಹಾಕದಂಥ ಕಸದ ಡಬ್ಬಿ ಖಾಲಿ ಮಾಡಬೇಕು, 800 ಮೈಲಿಗೂ ಹೆಚ್ಚಿನ ಕಾಲುದಾರಿ ನೋಡಿಕೊಳ್ಳಬೇಕು, ಹಳೆಯ ಮರದ ಮನೆಗಳನ್ನು ಉಳಿಸಿಕೊಳ್ಳಬೇಕು, ಜಾರಿ ಬಿದ್ದು ಕಾಲು ಮುರಿದುಕೊಂಡವರನ್ನು ಹೊತ್ತು ತರಬೇಕು. ಹತ್ತು ವರ್ಷದಲ್ಲಿ ಜನ ಶೇ 57ರಷ್ಟು ಹೆಚ್ಚಾದರು. ಅನುದಾನ ಆ ವೇಗದಲ್ಲಿ ಏರಲಿಲ್ಲ, ಬೆಲೆ ಏರಿಕೆ ಅದರಲ್ಲೂ ಒಂದಿಷ್ಟನ್ನು ತಿಂದು ಹಾಕಿತು. ಮಾಡದೆ ಬಾಕಿ ಬಿದ್ದ ರಿಪೇರಿ ಕೆಲಸದ ಮೊತ್ತ 20 ಕೋಟಿ ಡಾಲರ್ ದಾಟಿತ್ತು. ಅಂದರೆ ಪಾರ್ಕಿನ ಹತ್ತು ವರ್ಷದ ಖರ್ಚಿನಷ್ಟು ಹಳೆಯ ಬಾಕಿ.

ಹಾಗಿದ್ದರೆ ಬೇರೆಯವರ ಹಾಗೆ ಟಿಕೆಟ್ ಇಡಬಹುದಿತ್ತಲ್ಲ? ಇಡುವ ಹಾಗಿರಲಿಲ್ಲ. ಅದರ ಕಾರಣ ಈ ಪಾರ್ಕ್ ಹುಟ್ಟಿದ ರೀತಿಯಲ್ಲೇ ಇದೆ.

ರಸ್ತೆ ಕೊಟ್ಟವರ ಷರತ್ತು

ಪಶ್ಚಿಮದ ದೊಡ್ಡ ಪಾರ್ಕುಗಳಲ್ಲಿ ಹೆಚ್ಚಿನವು ಮೊದಲೇ ಕೇಂದ್ರ ಸರ್ಕಾರದ ಕೈಯಲ್ಲಿದ್ದ ಜಮೀನಿನಲ್ಲಿ ಆದವು. ಗೆರೆ ಎಳೆದು ಪಾರ್ಕ್ ಅಂದರೆ ಆಯಿತು. ಸ್ಮೋಕೀಸ್‌ನಲ್ಲಿ ಹಾಗಲ್ಲ. ಚೆರೋಕಿ ಎಂಬ ಮೂಲನಿವಾಸಿ ಜನರ ನೆಲವಾಗಿದ್ದ ಈ ಬೆಟ್ಟಗಳಲ್ಲಿ ಆಮೇಲೆ ಬಿಳಿಯರ ಹೊಲ ಮನೆಗಳೆದ್ದವು, ಚರ್ಚು, ಶಾಲೆ, ಸ್ಮಶಾನಗಳಾದವು. ಉಳಿದ ಕಾಡೆಲ್ಲ ಮರ ಕಡಿಯುವ ಕಂಪನಿಗಳ ಕೈಯಲ್ಲಿತ್ತು. ಆರು ಸಾವಿರಕ್ಕೂ ಹೆಚ್ಚು ತುಂಡು ಜಮೀನನ್ನು ಒಂದೊಂದಾಗಿ ಕೊಳ್ಳಬೇಕಾಯಿತು.

ಮೊದಮೊದಲು ಜಮೀನಿಗೆ ಕೇಂದ್ರ ದುಡ್ಡು ಕೊಡಲಿಲ್ಲ. ಎರಡೂ ರಾಜ್ಯಗಳ ಶಾಸನಸಭೆಗಳು ತಲಾ 20 ಲಕ್ಷ ಡಾಲರ್ ಹಾಕಿದವು. ಊರವರು ಚಂದಾ ಎತ್ತಿದರು. ಶಾಲೆಯ ಮಕ್ಕಳೂ ಚಿಲ್ಲರೆ ಕಾಸು ಕೂಡಿಸಿ ಕೊಟ್ಟರು. ಅಷ್ಟಾದರೂ ಸಾಲದೆ ಹೋದಾಗ, 1928ರಲ್ಲಿ ಜಾನ್ ಡಿ. ರಾಕ್‌ಫೆಲರ್ ಜೂನಿಯರ್ ತಾಯಿಯ ಹೆಸರಿನ ನಿಧಿಯಿಂದ 50 ಲಕ್ಷ ಡಾಲರ್ ಕೊಡಿಸಿದರು. 1934ರಲ್ಲಿ ಪಾರ್ಕ್ ಆಯಿತು. 1940ರ ಸೆಪ್ಟೆಂಬರ್‌ನಲ್ಲಿ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ನ್ಯೂಫೌಂಡ್ ಗ್ಯಾಪ್ ಎಂಬ ಕಣಿವೆ ದಾರಿಯಲ್ಲಿ ನಿಂತು ಅದನ್ನು ದೇಶಕ್ಕೆ ಅರ್ಪಿಸಿದರು. ಅಷ್ಟು ಹೊತ್ತಿಗೆ ಸಾವಿರಕ್ಕೂ ಹೆಚ್ಚು ಕುಟುಂಬಗಳು ಮನೆ ಬಿಟ್ಟು ಹೋಗಿದ್ದವು. ಕೆಲವರು ಒಪ್ಪಿ ಮಾರಿದರು, ಕೆಲವರು ಕೋರ್ಟಿನಲ್ಲಿ ಸೋತು ಬಿಟ್ಟರು.

ಆ ಕಣಿವೆ ದಾರಿಯ ಮೇಲೆ ಹಾದುಹೋಗುವ ರಸ್ತೆಯೇ ನಮ್ಮ ಪ್ರಕರಣದ ಗಂಟು. ಬೆಟ್ಟ ದಾಟಿ ಟೆನೆಸಿಯಿಂದ ನಾರ್ತ್ ಕ್ಯಾರೊಲಿನಾಕ್ಕೆ ಹೋಗಲು ಆಗ ಇದ್ದ ಮುಖ್ಯ ರಸ್ತೆಗಳಲ್ಲಿ ಅದೊಂದು. ನಾರ್ತ್ ಕ್ಯಾರೊಲಿನಾ ತನ್ನ ಕಡೆಯ ತುಂಡನ್ನು 1936ರಲ್ಲೇ ಯಾವ ಷರತ್ತೂ ಇಲ್ಲದೆ ಬಿಟ್ಟುಕೊಟ್ಟಿತು. ಟೆನೆಸಿ ಕೊಟ್ಟದ್ದು 1951ರಲ್ಲಿ, ಒಂದು ಷರತ್ತು ಹಾಕಿ: ಈ ರಸ್ತೆಯಲ್ಲಿ ಓಡಾಡಲು ಎಂದೂ ಸುಂಕ ಹಾಕಬಾರದು. ಬೆಟ್ಟದ ಬಡ ಜನರಿಗೆ ಆಗ ಬೇರೆ ದಾರಿ ಎಲ್ಲಿತ್ತು? ಪಕ್ಕದ ಪಿಜನ್ ನದಿ ಕಮರಿಯಲ್ಲಿ 40ನೇ ನಂಬರಿನ ಹೆದ್ದಾರಿ ತೆರೆದದ್ದೇ 1968ರಲ್ಲಿ. ಆ ಹೆದ್ದಾರಿ ಬಂದ ಮೇಲೂ ಕಾಗದದಲ್ಲಿದ್ದ ಷರತ್ತು ಹಾಗೇ ಉಳಿಯಿತು. ಅದನ್ನು ತೆಗೆಯಬೇಕಾದರೆ ಟೆನೆಸಿ ಶಾಸನಸಭೆಯೇ ಒಪ್ಪಬೇಕು. ವೋಟು ಬೇಕಾದ ಯಾರು ತಾನೇ ಅದಕ್ಕೆ ಕೈ ಹಾಕುತ್ತಾರೆ?

ದುಡ್ಡು ಉಳಿಯುವ ಜಾಗ

ಇಲ್ಲಿ ಸ್ವಲ್ಪ ಕಾನೂನಿನ ಮಾತು ಆಡಲೇಬೇಕು. ಅಮೆರಿಕದ ಪಾರ್ಕುಗಳಲ್ಲಿ ಶುಲ್ಕ ಹೊಸದೇನಲ್ಲ. 1908ರಲ್ಲೇ ಮೌಂಟ್ ರೈನಿಯರ್‌ನಲ್ಲಿ ಕಾರುಗಳಿಂದ ದುಡ್ಡು ತೆಗೆದುಕೊಳ್ಳುತ್ತಿದ್ದರು. ಆದರೆ ಬಹುಕಾಲ ಹೀಗೆ ವಸೂಲಾದ ಹಣದ ಹೆಚ್ಚಿನ ಪಾಲು ಹೋಗಿ ಬೀಳುತ್ತಿದ್ದದ್ದು ಕೇಂದ್ರದ ಖಜಾನೆಗೆ. ಟಿಕೆಟ್ ಹರಿಯುವವನಿಗೆ ಶ್ರಮ, ಬರುವವರಿಗೆ ಖರ್ಚು, ಪಾರ್ಕಿನ ಮುರಿದ ಬೆಂಚು ಮಾತ್ರ ಹಾಗೇ. 1996ರಲ್ಲಿ ಸಂಸತ್ತು ಪ್ರಯೋಗ ಅಂತ ಹೊಸ ಪದ್ಧತಿ ತಂದಿತು: ವಸೂಲಿಯ ಬಹುಪಾಲು ಅಲ್ಲೇ ಉಳಿಯಲಿ. 2004ರ ಡಿಸೆಂಬರ್‌ನಲ್ಲಿ ಅದೇ ಪೂರ್ಣ ಕಾನೂನಾಯಿತು. ಸಾಮಾನ್ಯ ನಿಯಮ ಇಷ್ಟು: ಶೇ 80 ವಸೂಲಾದ ಪಾರ್ಕಿಗೇ, ಉಳಿದ 20 ಶುಲ್ಕ ಇಲ್ಲದ ಅಥವಾ ಕಡಿಮೆ ಇರುವ ಪಾರ್ಕುಗಳಿಗೆ.

ಶುಲ್ಕದಿಂದ ಪಾರ್ಕು ಸುಧಾರಿಸುತ್ತದೆಯೋ ಇಲ್ಲವೋ ಅನ್ನುವ ವಾದದಲ್ಲಿ ಎಲ್ಲರೂ ಮೊತ್ತದ ಬಗ್ಗೆಯೇ ಜಗಳವಾಡುತ್ತಾರೆ. 5 ಡಾಲರ್ ಜಾಸ್ತಿಯಾ, 35 ಜಾಸ್ತಿಯಾ ಅಂತ. ನನ್ನ ಮಟ್ಟಿಗೆ ಅದು ಎರಡನೇ ಪ್ರಶ್ನೆ. ದುಡ್ಡು ಎಲ್ಲಿ ಉಳಿಯುತ್ತದೆ, ಯಾವುದರ ಮೇಲೆ ವಸೂಲು ಮಾಡುತ್ತಾರೆ ಅನ್ನುವುದೇ ಮೊದಲನೆಯದು. ಸ್ಮೋಕೀಸ್ ಈ ಎರಡಕ್ಕೂ ಉತ್ತರ ಹುಡುಕಿಕೊಂಡದ್ದು ಬೇರೆ ದಾರಿ ಮುಚ್ಚಿದ್ದರಿಂದ.

ಮೊದಲು ಅವರು ದಾನದ ಮೊರೆ ಹೋದರು. 1993ರಲ್ಲಿ ಹುಟ್ಟಿದ ಫ್ರೆಂಡ್ಸ್ ಆಫ್ ದ ಸ್ಮೋಕೀಸ್ ಎಂಬ ಸಂಸ್ಥೆ ಪಾರ್ಕಿನಲ್ಲಿ ಹುಂಡಿ ಇಟ್ಟಿತು, ದೊಡ್ಡ ದಾನಿಗಳನ್ನು ಹಿಡಿಯಿತು, ಕಾಲುದಾರಿ ಸರಿಪಡಿಸಲು ಶಾಶ್ವತ ನಿಧಿಗೂ ಕೈ ಹಾಕಿತು. ಒಳ್ಳೆಯ ಕೆಲಸವೇ. ಆದರೆ ದಾನಿಗಳಿಗೆ ಹೆಸರು ಹೇಳಿಕೊಳ್ಳುವಂಥ ಕೆಲಸ ಇಷ್ಟ. ಪ್ರತಿದಿನ ಶೌಚಾಲಯ ತೊಳೆಯುವವರ ಸಂಬಳಕ್ಕೆ ಯಾರು ದಾನ ಕೊಡುತ್ತಾರೆ?

2013ರಲ್ಲಿ ಕಾಡಿನೊಳಗೆ ಡೇರೆ ಹಾಕಿ ಮಲಗುವವರ ಮೇಲೆ ರಾತ್ರಿಗೆ ತಲಾ 4 ಡಾಲರ್ ಹಾಕಿದರು. ಅಷ್ಟಕ್ಕೇ ದೊಡ್ಡ ಗಲಾಟೆಯಾಯಿತು. ಚಾರಣಿಗರ ಗುಂಪೊಂದು ಕೋರ್ಟಿಗೆ ಹೋಯಿತು, ಮೇಲ್ಮನವಿ ಮಾಡಿತು, 2016ರಲ್ಲಿ ಸೋತಿತು. ರಸ್ತೆಯ ಮೇಲೆ ಸುಂಕ ಹಾಕುವಂತಿಲ್ಲ, ಆದರೆ ಪಾರ್ಕಿನೊಳಗಿನ ಸೌಲಭ್ಯಕ್ಕೆ ಶುಲ್ಕ ಹಾಕಬಹುದು ಎಂಬ ದಾರಿ ಉಳಿಯಿತು.

ಲಾರೆಲ್ ಫಾಲ್ಸ್ ಅಂಚಿನಲ್ಲಿ

ಸಮಸ್ಯೆ ಹೇಗಿತ್ತು ಅಂತ ಅರ್ಥವಾಗಬೇಕಾದರೆ ಲಾರೆಲ್ ಫಾಲ್ಸ್ ದಾರಿಯ ಬಾಯಿ ನೋಡಬೇಕು. ಗ್ಯಾಟ್ಲಿನ್‌ಬರ್ಗ್ ಪೇಟೆಯಿಂದ ಕೆಲವೇ ಮೈಲಿ. ಜಲಪಾತಕ್ಕೆ ನಡೆಯಬೇಕಾದದ್ದು 1.3 ಮೈಲಿ, ದಾರಿಗೆ ಡಾಂಬರು ಹಾಕಿದೆ, ನೀರು ಬೀಳುವುದು ಸುಮಾರು 80 ಅಡಿ. ಮಕ್ಕಳು, ಅಜ್ಜಿ ತಾತ ಎಲ್ಲರೂ ಹೋಗಬಹುದು ಅನ್ನಿಸುವಂಥ ಜಾಗ. ವರ್ಷಕ್ಕೆ ಮೂರು ಲಕ್ಷಕ್ಕೂ ಹೆಚ್ಚು ಜನ. ಕಾರು ನಿಲ್ಲಿಸಲು ಇದ್ದದ್ದು ಒಂದು ಪುಟ್ಟ ಜಾಗ.

ಅದು ತುಂಬಿದ ಮೇಲೆ ಜನ ಏನು ಮಾಡುತ್ತಾರೆ? ನಾವೆಲ್ಲ ಮಾಡುವುದನ್ನೇ. ಎರಡು ಚಕ್ರ ಡಾಂಬರಿನ ಮೇಲೆ, ಎರಡು ಚಕ್ರ ಹುಲ್ಲಿನ ಮೇಲೆ ಇಟ್ಟು, ತಿರುವಿನಲ್ಲೇ ಸಾಲಾಗಿ ನಿಲ್ಲಿಸಿಬಿಡುತ್ತಿದ್ದರು. ಅಂಚಿನ ಗಿಡಗಳು ನೆಲಕಚ್ಚಿದವು. ಮಣ್ಣು ಗಟ್ಟಿಯಾಗಿ, ಮಳೆ ಬಂದಾಗ ನೀರು ಇಂಗದೆ ಅಂಚನ್ನೇ ಕೊರೆದುಕೊಂಡು ಹೋಯಿತು. ಕಾರಿಳಿದವರು ಮಗುವಿನ ತಳ್ಳುಗಾಡಿ ದಬ್ಬಿಕೊಂಡು ರಸ್ತೆ ಮಧ್ಯದಲ್ಲೇ ನಡೆಯುತ್ತಿದ್ದರು. ಎದುರಿಗೆ ಬಂದ ವಾಹನಕ್ಕೆ ದಾರಿಯಿಲ್ಲ.

2021ರ ಸೆಪ್ಟೆಂಬರ್‌ನಲ್ಲಿ ಇಲ್ಲಿ ಒಂದು ಪುಟ್ಟ ಪ್ರಯೋಗ ಮಾಡಿದರು. ಅಂಚಿನಲ್ಲಿ ನಿಲ್ಲಿಸುವುದು ಬಂದ್. ಮೊದಲೇ ಜಾಗ ಕಾದಿರಿಸಬೇಕು, ಎರಡು ಗಂಟೆಗೆ 14 ಡಾಲರ್. ಬೇಡ ಅಂದರೆ ದುಡ್ಡು ಕೊಟ್ಟು ವ್ಯಾನಿನಲ್ಲಿ ಬರಬೇಕು. ನಡೆದದ್ದು ಸುಮಾರು ನಾಲ್ಕು ವಾರ ಮಾತ್ರ. ಆದರೆ ಈ ಪಾರ್ಕಿನಲ್ಲಿ ನಿಜವಾಗಿ ಕೊರತೆ ಇರುವುದು ಯಾವುದಕ್ಕೆ ಅನ್ನುವುದನ್ನು ಅದು ಎಲ್ಲರ ಕಣ್ಣಿಗೂ ಕಾಣಿಸಿತು. ಕಾಡಿಗೆ ಬರವಿಲ್ಲ, ರಸ್ತೆಗೂ ಅಷ್ಟಿಲ್ಲ. ಬರ ಇರುವುದು ನಿಂತ ಕಾರಿನ ಜಾಗಕ್ಕೆ.

ಟ್ಯಾಗ್

2022ರ ಏಪ್ರಿಲ್‌ನಲ್ಲಿ ಪಾರ್ಕಿನ ಮೇಲಧಿಕಾರಿ ಕ್ಯಾಶಿಯಸ್ ಕ್ಯಾಶ್ ಅವರ ತಂಡ ಕಾರು ನಿಲ್ಲಿಸುವವರಿಂದ ಶುಲ್ಕ ಪಡೆಯುವ ಪ್ರಸ್ತಾವ ಮುಂದಿಟ್ಟಿತು. 15 ಸಾವಿರಕ್ಕೂ ಹೆಚ್ಚು ಅಭಿಪ್ರಾಯಗಳು ಬಂದವು, ಹೆಚ್ಚಿನವು ಪರವಾಗಿಯೇ ಇದ್ದವು. 2023ರ ಮಾರ್ಚ್ 1ರಿಂದ ಜಾರಿಗೆ ಬಂತು.

ನಿಯಮ ಸರಳ. 15 ನಿಮಿಷಕ್ಕಿಂತ ಹೆಚ್ಚು ಹೊತ್ತು ಕಾರು ನಿಲ್ಲಿಸಿದರೆ ಟ್ಯಾಗ್ ಎಂಬ ಚೀಟಿ ಬೇಕು. ದಿನಕ್ಕೆ 5 ಡಾಲರ್, ವಾರಕ್ಕೆ 15, ವರ್ಷಕ್ಕೆ 40. ಬೆಟ್ಟ ದಾಟಿ ಆಚೆ ಊರಿಗೆ ಹೋಗುವವರಿಗೆ ಏನೂ ಇಲ್ಲ. ನಡೆದು ಬಂದವರಿಗೆ, ಸೈಕಲ್ಲಿನವರಿಗೆ, ದುಡ್ಡು ಕೊಟ್ಟು ಹತ್ತುವ ವ್ಯಾನಿನಲ್ಲಿ ಬಂದವರಿಗೆ ಇಲ್ಲ. ಒಂದು ಕಡೆ ನಿಲ್ಲಿಸಿ, ಕಣಿವೆ ನೋಡಿ, ನಾಲ್ಕು ಫೋಟೋ ಹೊಡೆದುಕೊಂಡು ಹೊರಟರೂ ಇಲ್ಲ. ಕೇಡ್ಸ್ ಕೋವ್‌ನ 11 ಮೈಲಿ ಸುತ್ತು ರಸ್ತೆಯಲ್ಲಿ ಕಾರಿನಿಂದ ಇಳಿಯದೆ ಜಿಂಕೆ ನೋಡಿಕೊಂಡು ಬಂದರೂ ಫ್ರೀ. ಇದು ಪ್ರವೇಶ ಶುಲ್ಕವೂ ಅಲ್ಲ, ರಸ್ತೆ ಸುಂಕವೂ ಅಲ್ಲ, ಸೌಲಭ್ಯದ ಶುಲ್ಕ. ಹೀಗೆ 1951ರ ಷರತ್ತನ್ನು ಮುಟ್ಟದೆ ಕೆಲಸ ಆಯಿತು.

ಟ್ಯಾಗ್ ಅಂದರೆ ಮೊಬೈಲ್‌ನಲ್ಲಿ ತೋರಿಸುವ ಚಿತ್ರ ಅಲ್ಲ, ಕಾಗದವೇ ಆಗಬೇಕು. ಮೇಲೆ ನಿಮ್ಮ ಕಾರಿನ ನಂಬರ್, ಯಾವ ದಿನದವರೆಗೆ ನಡೆಯುತ್ತದೆ ಎಂಬ ತಾರೀಕು. ಮನೆಯಲ್ಲೇ ಪ್ರಿಂಟ್ ತೆಗೆಯಬಹುದು, ಪಾರ್ಕಿನ ಯಂತ್ರದಲ್ಲಿ ಕಾರ್ಡ್ ಉಜ್ಜಿಯೂ ಪಡೆಯಬಹುದು. ಮುಂದಿನ ಗಾಜಿನ ಒಳಗಡೆ, ಹೊರಗಿನಿಂದ ಓದುವ ಹಾಗೆ ಇಡಬೇಕು. ಈ ಕಾಲದಲ್ಲೂ ಕಾಗದವಾ ಅಂತ ಗೊಣಗುವವರಿದ್ದಾರೆ. ಆ ಬೆಟ್ಟಗಳಲ್ಲಿ ಎಷ್ಟೋ ಕಡೆ ನೆಟ್‌ವರ್ಕ್ ಇಲ್ಲ. ಕಾರಿನವರು ಕಾಡಿನಲ್ಲಿರುತ್ತಾರೆ, ರೇಂಜರ್ ಗಾಜಿನ ಮುಂದೆ ನಿಂತಿರುತ್ತಾರೆ. ಕಾಗದ ಬಿಟ್ಟರೆ ಬೇರೆ ಸಾಕ್ಷಿ ಏನಿದೆ?

ಹೆಚ್ಚು ಜನ ಬೈದುಕೊಳ್ಳುವುದು ಇನ್ನೊಂದು ವಿಷಯಕ್ಕೆ. ದೇಶದ ಎಲ್ಲ ಪಾರ್ಕುಗಳಿಗೂ ನಡೆಯುವ 80 ಡಾಲರಿನ ವಾರ್ಷಿಕ ಪಾಸ್ ಇದೆಯಲ್ಲ, ಅದು ಇಲ್ಲಿ ನಡೆಯುವುದಿಲ್ಲ. ಹಿರಿಯರ ಪಾಸ್ ಕೂಡ ನಡೆಯುವುದಿಲ್ಲ. ಆ ಪಾಸ್ ಪ್ರವೇಶ ಶುಲ್ಕದ ಬದಲಿಗೆ ಇರುವಂಥದ್ದು, ಇಲ್ಲಿ ಪ್ರವೇಶ ಶುಲ್ಕವೇ ಇಲ್ಲ. ಕಿರಿಕಿರಿ ನಿಜ. ಆದರೆ ಲಾಭವೂ ಅದರಲ್ಲೇ ಇದೆ: ಎಲ್ಲೋ ಅರಿಜೋನಾದಲ್ಲಿ ಕೊಂಡ ಪಾಸ್ ತೋರಿಸಿ ಇಲ್ಲಿ ನಿಲ್ಲಿಸಿ ಹೋಗುವಂತಿಲ್ಲವಾದ್ದರಿಂದ, ನಿಲ್ಲಿಸಿದವರ ದುಡ್ಡು ಇಲ್ಲಿಗೇ ಬರುತ್ತದೆ. ಅದೂ ಶೇ 80 ಅಲ್ಲ, ಪೂರ್ತಿ ನೂರಕ್ಕೆ ನೂರು ಸ್ಮೋಕೀಸ್‌ನಲ್ಲೇ ಉಳಿಯುತ್ತದೆ.

ಸ್ಥಳೀಯರ ತಕರಾರು ಇದಕ್ಕಿಂತ ಗಟ್ಟಿಯಾದದ್ದು. ನಮ್ಮ ಅಜ್ಜಂದಿರ ಜಮೀನು ಹೋಯಿತು, ಫ್ರೀಯಾಗಿಡುತ್ತೇವೆ ಅಂದರು, ಈಗ ದುಡ್ಡು ಕೇಳುತ್ತಾರೆ ಅಂತ. ಷರತ್ತಿದ್ದದ್ದು ರಸ್ತೆಯ ಬಗ್ಗೆ, ಪಾರ್ಕಿಂಗ್ ಬಗ್ಗೆ ಅಲ್ಲ ಅಂತ ವಕೀಲರು ಉತ್ತರ ಕೊಡಬಹುದು. ಆದರೆ ಊರವರು ಮಾತು ತೆಗೆದುಕೊಂಡದ್ದು ವಕೀಲರ ಹಾಗೆ ಅಲ್ಲವಲ್ಲ. ವಾರಕ್ಕೆರಡು ಸಲ ಬೆಟ್ಟಕ್ಕೆ ಹೋಗುವ ಮನೆಯಲ್ಲಿ ಎರಡು ಕಾರಿದ್ದರೆ ಎರಡು ಟ್ಯಾಗ್, 80 ಡಾಲರ್. ಟ್ಯಾಗ್ ಕಾರಿನ ನಂಬರಿಗೆ ಅಂಟಿಕೊಂಡಿರುವುದರಿಂದ ಬದಲಾಯಿಸುವ ಹಾಗಿಲ್ಲ. ಸುತ್ತಲಿನ ಕೌಂಟಿಗಳ (ನಮ್ಮ ಜಿಲ್ಲೆಗಳ ಹಾಗೆ) ನಿವಾಸಿಗಳಿಗೆ ಕಡಿಮೆ ದರ ಇಡಬಹುದಿತ್ತು ಅನ್ನುವುದು ನನ್ನ ಅಭಿಪ್ರಾಯ.

ಹಾಗಂತ ಶುಲ್ಕವೇ ಬೇಡ ಅನ್ನುವವರು ಇನ್ನೊಂದು ಲೆಕ್ಕವನ್ನೂ ನೋಡಬೇಕು. 2022ರಲ್ಲಿ ಪ್ರವಾಸಿಗರು ಸುತ್ತಲಿನ ಊರುಗಳಲ್ಲಿ ಖರ್ಚು ಮಾಡಿದ್ದು 200 ಕೋಟಿ ಡಾಲರ್‌ಗೂ ಹೆಚ್ಚು. ಹೋಟೆಲು, ಪ್ಯಾನ್‌ಕೇಕ್ ಅಂಗಡಿ, ಪಿಜನ್ ಫೋರ್ಜ್‌ನ ಆಟದ ಯಂತ್ರಗಳು. ಆ ವ್ಯಾಪಾರದ ಮಾರಾಟ ತೆರಿಗೆ ಹೋಗುವುದು ರಾಜ್ಯಕ್ಕೆ, ಕೌಂಟಿಗೆ, ಪಟ್ಟಣಕ್ಕೆ. ಜನರನ್ನು ಕರೆತರುವುದು ಪಾರ್ಕು, ಆದರೆ ಆ ಕೊಯ್ಲಿನಲ್ಲಿ ಅದಕ್ಕೆ ಪಾಲಿಲ್ಲ. ಗ್ಯಾಟ್ಲಿನ್‌ಬರ್ಗ್ ಪೇಟೆಯಲ್ಲಿ ಕಾರು ನಿಲ್ಲಿಸಲು 5 ಡಾಲರಿಗಿಂತ ಜಾಸ್ತಿಯೇ ಕೊಡುತ್ತೇವೆ, ಯಾರೂ ತುಟಿ ಬಿಚ್ಚುವುದಿಲ್ಲ.

ಬಂದ ದುಡ್ಡು ಏನಾಯಿತು

ಥಳಕಿನ ಕೆಲಸ ಕಡಿಮೆ. ಹೆಚ್ಚು ಹೋದದ್ದು ಜನರ ಸಂಬಳಕ್ಕೆ: ಶೌಚಾಲಯ ಮತ್ತು ಕಸ ನೋಡಿಕೊಳ್ಳುವವರು, ಕಾಲುದಾರಿಯ ತಂಡ, ರೇಂಜರ್‌ಗಳು, ಅಪಾಯದಲ್ಲಿ ಸಿಕ್ಕಿದವರನ್ನು ಹುಡುಕಿ ತರುವವರು. ಜನಪ್ರಿಯ ದಾರಿಗಳ ಬಾಯಲ್ಲಿ ರಸ್ತೆ ಅಂಚಿಗೆ ಕಾರು ಹತ್ತಿಸದ ಹಾಗೆ ತಡೆ ಹಾಕಿದರು. ನಮ್ಮಲ್ಲಾದರೆ ಮೊದಲು ಒಂದು ಕಮಾನು ಎದ್ದು, ಅದರ ಮೇಲೆ ಉದ್ಘಾಟಿಸಿದವರ ಹೆಸರು ಕೆತ್ತಿ, ಆಮೇಲೆ ಶೌಚಾಲಯಕ್ಕೆ ಬೀಗ ಹಾಕುತ್ತಿದ್ದರು. ಸುಮ್ನೆ ಹೇಳಿದೆ.

ಕಣ್ಣಿಗೆ ಕಾಣುವ ದೊಡ್ಡ ಕೆಲಸ ಮತ್ತೆ ಲಾರೆಲ್ ಫಾಲ್ಸ್‌ನದೇ. 2025ರ ಜನವರಿ 6ರಂದು ಆ ದಾರಿಯನ್ನು ಪೂರ್ತಿ ಮುಚ್ಚಿದರು. ಹದಿನೆಂಟು ತಿಂಗಳ ಯೋಜನೆ. ಒಡೆದ ಡಾಂಬರು ತೆಗೆದು ಹೊಸದು ಹಾಕುವುದು, ಜಲಪಾತದ ಬಳಿ ನಿಂತು ನೋಡಲು ಕಟ್ಟೆಗಳು, ಸುಮಾರು 50 ಕಾರಿಗೆ ಹೆಚ್ಚಿನ ಜಾಗ. ಇದಕ್ಕೆ ಪಾರ್ಕಿಂಗ್ ಟ್ಯಾಗಿನ ದುಡ್ಡಿನ ಜೊತೆ ಫ್ರೆಂಡ್ಸ್ ಸಂಸ್ಥೆಯ ದಾನವೂ ಸೇರಿದೆ. ಶುಲ್ಕ ಮತ್ತು ದಾನ ಒಂದನ್ನೊಂದು ತಿನ್ನುತ್ತವೆ ಅಂತ ಮೊದಲು ಹೆದರಿದವರಿದ್ದರು. ಇಲ್ಲಿ ಎರಡೂ ಒಟ್ಟಿಗೇ ನಡೆದಿವೆ.

ಆದರೆ 5 ಡಾಲರಿನಿಂದ ಎಲ್ಲ ಆಗುತ್ತದೆ ಅಂದುಕೊಂಡರೆ ಅದು ತಪ್ಪು. 20 ಕೋಟಿ ಡಾಲರ್ ಮೀರಿದ ಹಳೆಯ ಬಾಕಿಯಲ್ಲಿ ದೊಡ್ಡ ಪಾಲು ರಸ್ತೆ, ಕಟ್ಟಡ, ನೀರಿನ ಪೈಪುಗಳದು. ಅದನ್ನು ಟ್ಯಾಗ್ ಮಾರಿ ತೀರಿಸಲು ಆಗುವುದಿಲ್ಲ. ಅದಕ್ಕೇ 2020ರಲ್ಲಿ ಸಂಸತ್ತು ಬೇರೆ ಕಾನೂನು ಮಾಡಿ, ಕೇಂದ್ರಕ್ಕೆ ಬರುವ ತೈಲ, ಅನಿಲದಂಥ ಆದಾಯದಿಂದ ರಾಷ್ಟ್ರೀಯ ಉದ್ಯಾನಗಳಿಗೆ ವರ್ಷಕ್ಕೆ 130 ಕೋಟಿ ಡಾಲರ್‌ವರೆಗೆ ಐದು ವರ್ಷ ಕೊಡಲು ಒಪ್ಪಿತು. ಶುಲ್ಕದ ಕಾನೂನಿನಲ್ಲಿ ಇನ್ನೊಂದು ಗೆರೆಯೂ ಇದೆ. ಆ ಹಣ ಬರುವವರ ಅನುಕೂಲಕ್ಕೆ ಸಂಬಂಧಪಟ್ಟ ಕೆಲಸಕ್ಕೇ ಹೋಗಬೇಕು. ಅಳಿವಿನ ಅಂಚಿನ ಪ್ರಾಣಿ, ಸಸ್ಯಗಳ ಸ್ಥಿತಿಗತಿ ಗಮನಿಸುವ ಕೆಲಸಕ್ಕೆ ಬಳಸುವಂತಿಲ್ಲ ಅಂತ ಕಾನೂನೇ ಹೇಳುತ್ತದೆ. ಕಾರಿಗೆ ಜಾಗ ಹೆಚ್ಚಿಸಲು ದುಡ್ಡುಂಟು, ಆ ಕಾರುಗಳಿಂದ ಕಾಡಿಗೇನಾಯಿತು ಅಂತ ನೋಡುವುದಕ್ಕೆ ಬೇರೆ ಕಡೆ ಕೈಚಾಚಬೇಕು.

ಇನ್ನೊಂದು ಅಪಾಯ, ಕೈಗೆ ಸಿಗುವ ಗಂಟಿನ ಮೇಲೆ ಎಲ್ಲರ ಕಣ್ಣು. 2018ರ ಡಿಸೆಂಬರ್‌ನಲ್ಲಿ ಬಜೆಟ್ ಜಗಳದಿಂದ ಕೇಂದ್ರ ಸರ್ಕಾರದ ಕಚೇರಿಗಳು ಮುಚ್ಚಿದಾಗ, ಪಾರ್ಕುಗಳು ಕೂಡಿಟ್ಟ ಶುಲ್ಕದ ಹಣ ತೆಗೆದು ಗೇಟು ತೆರೆದಿಡಲು ಬಳಸಿದರು. ಅದು ಕಾನೂನು ಮೀರಿದ್ದು ಅಂತ 2019ರಲ್ಲಿ ಸಂಸತ್ತಿನ ಲೆಕ್ಕ ತನಿಖಾ ಕಚೇರಿ ಹೇಳಿತು. 2025ರ ಅಕ್ಟೋಬರ್‌ನಲ್ಲಿ ಕೇಂದ್ರದ ಕಚೇರಿಗಳು ಮತ್ತೆ ಹಾಗೇ ಮುಚ್ಚಿದವು. ಎಲೆ ಬಣ್ಣದ ಸೀಸನ್, ಊರಿನ ವರ್ಷದ ಸಂಪಾದನೆ. ಈ ಸಲ ಟೆನೆಸಿ ರಾಜ್ಯ, ಸುತ್ತಲಿನ ಕೌಂಟಿ, ಪಟ್ಟಣಗಳು, ಚೆರೋಕಿ ಸಮುದಾಯ ಎಲ್ಲ ಸೇರಿ ದುಡ್ಡು ಹಾಕಿ ಸ್ಮೋಕೀಸ್ ತೆರೆದಿಟ್ಟವು. ಪಾರ್ಕ್ ಮುಚ್ಚಿದರೆ ಏನು ನಷ್ಟ ಅಂತ ಅಂಗಡಿಯವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಗೇಟಿನ ದುಡ್ಡನ್ನೇ ನಂಬಿಕೊಂಡರೆ ಏನಾಗುತ್ತದೆ ಅನ್ನುವುದಕ್ಕೆ ನಮ್ಮಲ್ಲೂ ಒಂದು ಉದಾಹರಣೆ ಇದೆ. ಮೈಸೂರಿನ ಮೃಗಾಲಯ ಹೆಚ್ಚೂಕಡಿಮೆ ಟಿಕೆಟ್ ಹಣದಲ್ಲೇ ನಡೆಯುವ ಜಾಗ. ಚೆನ್ನಾಗಿಯೂ ನಡೆಯುತ್ತದೆ, ಯಾಕೆಂದರೆ ದುಡ್ಡು ಅಲ್ಲೇ ಉಳಿಯುತ್ತದೆ. 2020ರ ಮಾರ್ಚ್‌ನಲ್ಲಿ ಕೊರೊನಾದಿಂದ ಗೇಟ್ ಮುಚ್ಚಿತು. ಆನೆ, ಹುಲಿಗಳ ಹೊಟ್ಟೆಗೆ ಲಾಕ್‌ಡೌನ್ ಇಲ್ಲವಲ್ಲ. ಕೊನೆಗೆ ಸಾರ್ವಜನಿಕರ ದೇಣಿಗೆ ಮತ್ತು ಪ್ರಾಣಿ ದತ್ತು ಯೋಜನೆಯ ಕಡೆ ನೋಡಬೇಕಾಯಿತು. ಸ್ಮೋಕೀಸ್‌ಗೆ ಟ್ಯಾಗ್ ಹಣ ನಿಂತರೂ ಕೇಂದ್ರದ ಅನುದಾನ ಇರುತ್ತದೆ, ಅದು ನಿಂತಾಗ ನೆರೆಯವರು ಇದ್ದರು. ಈ ಬಗೆಯ ಮೂರು ನಾಲ್ಕು ಆಸರೆ ಇರುವುದೇ ಒಳ್ಳೆಯದು. ಟ್ಯಾಗ್ ಮಾರಾಟ ಚೆನ್ನಾಗಿದೆಯಲ್ಲ ಅಂತ ವಾಷಿಂಗ್ಟನ್ ಅನುದಾನಕ್ಕೆ ಕತ್ತರಿ ಹಾಕಿದರೆ ಆಟ ಕೆಡುತ್ತದೆ. ನಾನಾಗಿದ್ದರೆ ಮುಂದಿನ ವರ್ಷಗಳಲ್ಲಿ ಟ್ಯಾಗಿನ ದರಕ್ಕಿಂತ ಆ ಅನುದಾನದ ಸಾಲಿನ ಮೇಲೆ ಹೆಚ್ಚು ಕಣ್ಣಿಡುತ್ತೇನೆ.

ಈ ಕಡೆ ಹೊರಡುವವರಿಗೆ ಒಂದು ಮಾತು. 2026ರ ಜನವರಿ 1ರಿಂದ ಅಮೆರಿಕದ 11 ದೊಡ್ಡ ಪಾರ್ಕುಗಳಲ್ಲಿ, ಆ ದೇಶದಲ್ಲಿ ನೆಲೆಸದ 16 ವರ್ಷ ತುಂಬಿದವರಿಗೆ ಮಾಮೂಲು ಶುಲ್ಕದ ಮೇಲೆ ತಲಾ 100 ಡಾಲರ್ ಹೆಚ್ಚುವರಿ ಹಾಕಿದ್ದಾರೆ. ವಾರ್ಷಿಕ ಪಾಸ್ ಕೊಂಡರೆ ಅಂಥವರಿಗೆ 250. ಊರಿನಿಂದ ಬಂದ ಅಪ್ಪ ಅಮ್ಮನನ್ನು ಯೆಲ್ಲೋಸ್ಟೋನ್‌ಗೋ ಗ್ರ್ಯಾಂಡ್ ಕ್ಯಾನಿಯನ್‌ಗೋ ಕರೆದುಕೊಂಡು ಹೋಗುವ ಮೊದಲು ಇದನ್ನು ಲೆಕ್ಕ ಹಾಕಿಕೊಳ್ಳಿ. ಸ್ಮೋಕೀಸ್ ಆ ಪಟ್ಟಿಯಲ್ಲಿಲ್ಲ. ಅಲ್ಲಿ ಟ್ಯಾಗ್ ಕಾರಿಗೆ, ಒಳಗೆ ಕೂತವರು ಎಲ್ಲಿಯವರು, ಎಷ್ಟು ಜನ ಅಂತ ಕೇಳುವುದಿಲ್ಲ. ಕಾರಿನಲ್ಲಿ ಏಳು ಜನ ಇದ್ದರೂ ದಿನಕ್ಕೆ 5 ಡಾಲರ್. ಪ್ರಿಂಟ್ ತೆಗೆದುಕೊಂಡು ಹೋಗುವುದನ್ನು ಮಾತ್ರ ಮರೆಯಬೇಡಿ.